ಐವತ್ತು ವ್ಯಾಟ್ ಸಾಕಾ? ಹ್ಯಾಮ್ ರೇಡಿಯೊ, ಆಂಪ್ಲಿಫೈಯರ್ ಮತ್ತು ಕಾನೂನಿನ ಮಿತಿ

ಹೋದ ವರ್ಷ ನನಗೆ ಹ್ಯಾಮ್ ರೇಡಿಯೊ ಲೈಸೆನ್ಸ್ ಬಂತು. ಗೊತ್ತಿಲ್ಲದವರಿಗೆ ಒಂದು ಮಾತು: ಹ್ಯಾಮ್ ರೇಡಿಯೊ ಅಂದ್ರೆ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಲೈಸೆನ್ಸ್ ತಗೊಂಡು, ನಮ್ಮದೇ ಟ್ರಾನ್ಸ್‌ಮಿಟರ್‌ನಿಂದ ಬೇರೆ ಊರು, ಬೇರೆ ದೇಶದವರ ಜೊತೆ ಮಾತಾಡುವ ಹವ್ಯಾಸ. ನಡುವೆ ಇಂಟರ್ನೆಟ್ ಇಲ್ಲ, ಟವರ್ ಇಲ್ಲ. 12 ವರ್ಷ ತುಂಬಿದ್ರೆ ಯಾರು ಬೇಕಾದ್ರೂ ಪರೀಕ್ಷೆ ಬರೀಬಹುದು.

ನನ್ನದು ರಿಸ್ಟ್ರಿಕ್ಟೆಡ್ ಗ್ರೇಡ್, ವಿಯು3 ಇಂದ ಶುರುವಾಗುವ ಕಾಲ್‌ಸೈನ್. ಶಾರ್ಟ್ ವೇವ್‌ನಲ್ಲಿ ನನಗಿರುವ ಮಿತಿ 50 ವ್ಯಾಟ್. ಮೋರ್ಸ್ ಕೋಡ್ ಕಲಿತು ಜನರಲ್ ಗ್ರೇಡ್ ಪಾಸಾದವರಿಗೆ 400 ವ್ಯಾಟ್. ನಮ್ಮ ಲ್ಯಾಬ್‌ನ ಸೋಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತೆ. ಎರಡು ಸೋಲ್ಡರಿಂಗ್ ಐರನ್‌ನಷ್ಟು ಪವರ್‌ನಲ್ಲಿ ಪ್ರಪಂಚ ಮಾತಾಡಿಸೋದು ಹೇಗೆ ಅಂತ ನನಗೆ ಬೇಜಾರು. ಸರಿ, ಸೇರಿಸಿಟ್ಟಿದ್ದ ದುಡ್ಡಲ್ಲಿ ಆನ್‌ಲೈನ್‌ನಲ್ಲಿ ಒಂದು ಮಾಸ್‌ಫೆಟ್ ಆಂಪ್ಲಿಫೈಯರ್ ಕಿಟ್ ತರಿಸಿದೆ. ದಸರಾ ರಜೆಯಲ್ಲಿ ಕೂತು ಸೋಲ್ಡರ್ ಮಾಡಿದೆ. ಆಂಟೆನಾಗೆ ಹಾಕೋಕೆ ಮುಂಚೆ ಒಂಟಿಕೊಪ್ಪಲಿನಲ್ಲಿರುವ ಪರಿಚಯದ ಅಂಕಲ್ ಒಬ್ಬರ ಮನೆಗೆ ತಗೊಂಡು ಹೋದೆ. ಅವರು ಬಹಳ ವರ್ಷದಿಂದ ಹ್ಯಾಮ್, ಜನರಲ್ ಗ್ರೇಡ್. ಅವತ್ತು ಅವರ ಟೇಬಲ್ ಮುಂದೆ ಕಲಿತದ್ದೇ ಈ ಲೇಖನ.

ಮೊದಲು ಲೆಕ್ಕ

ಅಂಕಲ್ ಕಿಟ್ ಮುಟ್ಟಲೇ ಇಲ್ಲ. ತಮ್ಮ ರೇಡಿಯೊ ಆನ್ ಮಾಡಿ, 7.1 ಮೆಗಾಹರ್ಟ್ಸ್ ಹತ್ತಿರ ಹುಬ್ಬಳ್ಳಿಯ ಸ್ನೇಹಿತರೊಬ್ಬರನ್ನು ಕರೆದರು. 100 ವ್ಯಾಟ್‌ನಲ್ಲಿ ಮಾತಾಡ್ತಾ ಇದ್ದವರು, ಆ ಕಡೆಯವರಿಗೆ ಹೇಳದೆ 25 ವ್ಯಾಟ್‌ಗೆ ಇಳಿಸಿದರು. ಮಾತು ಹಾಗೇ ನಡೀತು. ಐದು ನಿಮಿಷ ಆದ್ಮೇಲೆ "ನನ್ನ ಸಿಗ್ನಲ್ ಹೇಗಿದೆ?" ಅಂತ ಕೇಳಿದರು. "ಆಗ ಒಂಬತ್ತು ಇತ್ತು, ಈಗ ಎಂಟು ತೋರಿಸ್ತಿದೆ, ಯಾಕೆ?" ಅಂದರು ಅವರು. ಕೇಳುವವರೆಗೂ ಅವರಿಗೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ.

ಇದು ಜಾದೂ ಅಲ್ಲ, ಮೊದಲನೇ ವರ್ಷದ ಲಾಗರಿದಮ್. ಪವರ್ ಎಷ್ಟು ಪಟ್ಟು ಹೆಚ್ಚಾಯ್ತೋ ಅದರ ಲಾಗ್ ತಗೊಂಡು 10ರಿಂದ ಗುಣಿಸಿದರೆ ಡೆಸಿಬೆಲ್. ರಿಸೀವರ್ ಮೀಟರ್‌ನಲ್ಲಿ ಒಂದು 'ಎಸ್' ಗೆರೆ ಏರೋಕೆ 6 ಡೆಸಿಬೆಲ್ ಬೇಕು, ಅಂದ್ರೆ ನಾಲ್ಕು ಪಟ್ಟು ಪವರ್. ನನ್ನ 50 ವ್ಯಾಟ್ 400 ಆದ್ರೆ ಎಂಟು ಪಟ್ಟು, 9 ಡೆಸಿಬೆಲ್. ಸಿಗೋದು ಒಂದೂವರೆ ಗೆರೆ! ಅಮೆರಿಕದ ಹ್ಯಾಮ್‌ಗಳಿಗೆ 1500 ವ್ಯಾಟ್‌ವರೆಗೂ ಅನುಮತಿ ಇದೆ ಅಂತ ನಾವು ಹೊಟ್ಟೆಕಿಚ್ಚು ಪಡ್ತೀವಿ. ಆದರೆ 400ರಿಂದ 1500ಕ್ಕೆ ಹೋದರೆ ಸುಮಾರು 5.7 ಡೆಸಿಬೆಲ್, ಒಂದು ಗೆರೆಯೂ ಪೂರ್ತಿ ಆಗಲ್ಲ.

ಹಾಗಂತ 9 ಡೆಸಿಬೆಲ್ ದಂಡ ಅಂತಲ್ಲ. ಆ ಕಡೆ ಗದ್ದಲ ಜಾಸ್ತಿ ಇದ್ದು ಸಿಗ್ನಲ್ ಅದರಲ್ಲಿ ಮುಳುಗಿದ್ದಾಗ ಕೇಳಿಸೋದು, ಕೇಳಿಸದೇ ಇರೋದು ಅಷ್ಟರಲ್ಲೇ ಇರುತ್ತೆ. ಚಂದ್ರನಿಗೆ ಸಿಗ್ನಲ್ ಹೊಡೆದು ವಾಪಸ್ ಕೇಳಿಸಿಕೊಳ್ಳುವ ಹ್ಯಾಮ್‌ಗಳೂ ಇದ್ದಾರೆ. ಹೋಗಿ ಬರೋಕೆ ಎರಡೂವರೆ ಸೆಕೆಂಡು. ಅಂಥವರಿಗೆ ಪ್ರತಿ ಡೆಸಿಬೆಲ್ಲೂ ಬಂಗಾರ. ಮೈಸೂರಿಂದ ಹುಬ್ಬಳ್ಳಿಗೆ ಬೇಕಾಗಿಲ್ಲ, ಅಷ್ಟೇ.

ಆಂಪ್ಲಿಫೈಯರ್ ಒಳಗೆ ಏನಾಗುತ್ತೆ

ಆಮೇಲೆ ನನ್ನ ಕಿಟ್‌ನ ಸರದಿ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿದರು. ಅದು 50 ಓಮ್‌ನ ದೊಡ್ಡ ರೆಸಿಸ್ಟರ್. ಪವರ್ ಪೂರ್ತಿ ಶಾಖ ಆಗುತ್ತೆ, ಹೊರಗೆ ಹೋಗಲ್ಲ. ಪಕ್ಕದಲ್ಲಿ ಎಸ್‌ಡಿಆರ್ ರಿಸೀವರ್ ಇಟ್ಟು ಲ್ಯಾಪ್‌ಟಾಪ್‌ನಲ್ಲಿ ಸ್ಪೆಕ್ಟ್ರಮ್ ನೋಡಿದ್ವಿ. 7.1ರಲ್ಲಿ ನನ್ನ ಸಿಗ್ನಲ್ ಚೆನ್ನಾಗೇ ಬಂತು. ಆದರೆ 14.2ರಲ್ಲೂ ಒಂದು ಗೆರೆ, 21.3ರಲ್ಲಿ ಅದಕ್ಕಿಂತ ದೊಡ್ಡ ಗೆರೆ. ಹಾರ್ಮೋನಿಕ್ಸ್! ಕಿಟ್ ಜೊತೆ ಲೋ-ಪಾಸ್ ಫಿಲ್ಟರ್ ಇರಲಿಲ್ಲ, ಬೇಕು ಅಂತ ನನಗೂ ಹೊಳೆದಿರಲಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ನಮ್ಮ ಮಾತು ಎಸ್‌ಎಸ್‌ಬಿಯಲ್ಲಿ ಹೋಗುತ್ತೆ, ಸುಮಾರು 3 ಕಿಲೋಹರ್ಟ್ಸ್ ಅಗಲ. ಆಂಪ್ಲಿಫೈಯರ್ ಲೀನಿಯರ್ ಆಗಿ, ಅಂದ್ರೆ ಒಳಗೆ ಬಂದ ಆಕಾರವನ್ನೇ ದೊಡ್ಡದು ಮಾಡಿ ಹೊರಗೆ ಕೊಟ್ಟರೆ ಸರಿ. ಅದಕ್ಕೇ ಕ್ಲಾಸ್ ಎಬಿ ಬಳಸ್ತಾರೆ. ಜಾಸ್ತಿ ಡ್ರೈವ್ ಕೊಟ್ಟರೆ ವೇವ್‌ನ ತಲೆ ಕತ್ತರಿಸಿ ಹೋಗುತ್ತೆ. ಆಗ ಸಿಗ್ನಲ್ 3 ಕಿಲೋಹರ್ಟ್ಸ್‌ನಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆ ಚೆಲ್ಲುತ್ತೆ. ನಾನು ಮೈಕ್‌ನಲ್ಲಿ ಜೋರಾಗಿ "ಹಲೋ" ಅಂದಾಗ ಸ್ಕ್ರೀನ್‌ನಲ್ಲಿ ಎರಡೂ ಕಡೆ ಪಟಾಕಿ ಹೊಡೆದ ಹಾಗೆ ಕಾಣಿಸ್ತು.

ಸೇಫ್ಟಿ ಬಗ್ಗೆಯೂ ಹೇಳ್ಬೇಕು. ಆಂಪ್ಲಿಫೈಯರ್ 60 ಪರ್ಸೆಂಟ್ ಎಫಿಶಿಯೆಂಟ್ ಅಂದುಕೊಳ್ಳಿ. 300 ವ್ಯಾಟ್ ಹೊರಗೆ ಬರೋಕೆ 500 ವ್ಯಾಟ್ ಒಳಗೆ ಹೋಗ್ಬೇಕು, ಉಳಿದ 200 ಹೀಟ್‌ಸಿಂಕ್‌ಗೆ. 400 ವ್ಯಾಟ್ ಹೊತ್ತ 50 ಓಮ್ ಕೇಬಲ್‌ನಲ್ಲಿ 141 ವೋಲ್ಟ್ ಇರುತ್ತೆ, ಪೀಕ್ 200. ಆಂಟೆನಾ ತುದಿಯಲ್ಲಿ ಇನ್ನೂ ಜಾಸ್ತಿ, ಮುಟ್ಟಿದರೆ ಚರ್ಮ ಸುಡುತ್ತೆ. ಹಳೇ ವಾಲ್ವ್ ಆಂಪ್ಲಿಫೈಯರ್‌ಗಳ ಪ್ಲೇಟ್‌ನಲ್ಲಿ 2000-3000 ವೋಲ್ಟ್ ಡಿಸಿ ಇರುತ್ತೆ. ಸ್ವಿಚ್ ಆಫ್ ಮಾಡಿದ್ರೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಪ್ಲಗ್ ಕಿತ್ತು, ಚಾರ್ಜ್ ಇಳಿದಿದೆ ಅಂತ ಮೀಟರ್‌ನಲ್ಲಿ ನೋಡದೆ ಒಳಗೆ ಕೈ ಹಾಕಿದರೆ ಪ್ರಾಣ ಹೋಗುತ್ತೆ. ಇದನ್ನ ಯೂಟ್ಯೂಬ್ ನೋಡಿ ಒಬ್ಬರೇ ಟ್ರೈ ಮಾಡ್ಬೇಡಿ.

ಮಿತಿ ಯಾಕೆ?

ಇಲ್ಲಿವರೆಗೂ ನಾನು 50 ವ್ಯಾಟ್ ಅನ್ನೋದು ಯಾವುದೋ ಆಫೀಸಿನವರ ಜಿಪುಣತನ ಅಂದುಕೊಂಡಿದ್ದೆ. ಆದರೆ 7 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ನಮಗಿರೋದು 7.0ರಿಂದ 7.2, ಬರೀ 200 ಕಿಲೋಹರ್ಟ್ಸ್. ಒಂದು ಮಾತುಕತೆಗೆ 3 ಕಿಲೋಹರ್ಟ್ಸ್ ಅಂದ್ರೆ, ಪೂರ್ತಿ ಮಾತಿಗೇ ಬಿಟ್ಟರೂ ಅರವತ್ತು ಚಿಲ್ಲರೆ ಜಾಗ. ಶಾರ್ಟ್ ವೇವ್ ಅಯಾನೋಸ್ಫಿಯರ್‌ಗೆ ತಗುಲಿ ದೂರ ದೂರಕ್ಕೆ ಬೀಳೋದ್ರಿಂದ ಆ ಜಾಗವನ್ನ ಬೇರೆ ದೇಶದವರ ಜೊತೆಗೂ ಹಂಚಿಕೋಬೇಕು. ಅದಕ್ಕೇ ಅಂತರರಾಷ್ಟ್ರೀಯ ರೇಡಿಯೊ ನಿಯಮಗಳಲ್ಲೇ, ಕೆಲಸ ಆಗೋಕೆ ಎಷ್ಟು ಬೇಕೋ ಅಷ್ಟೇ ಪವರ್ ಬಳಸಿ ಅಂತ ಇದೆ. ಅಂದ್ರೆ 400 ಅನ್ನೋದು ಗುರಿ ಅಲ್ಲ, ಬೇಲಿ.

ಪವರ್ ವಿಷಯದಲ್ಲಿ ಮೈಸೂರಿಗೆ ಒಂದು ಹೆಮ್ಮೆಯ ಕಥೆಯೂ ಇದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ 'ವಿಠ್ಠಲ ವಿಹಾರ' ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಪ್ರಸಿದ್ಧವಾಗಿದ್ದು ಅಲ್ಲಿಂದಲೇ. ಮೊದಲು ಒಂದು ಸಣ್ಣ ಟ್ರಾನ್ಸ್‌ಮಿಟರ್, ಆಮೇಲೆ 250 ವ್ಯಾಟ್‌ನದ್ದು. ಅಂದ್ರೆ ಇವತ್ತಿನ ಒಬ್ಬ ಜನರಲ್ ಗ್ರೇಡ್ ಹ್ಯಾಮ್‌ಗೆ ಸಿಗೋದಕ್ಕಿಂತ ಕಡಿಮೆ! ಈಗ ಅದೇ ಸುತ್ತಮುತ್ತ ಇರುವ ಆಕಾಶವಾಣಿ 100.6 ಮೆಗಾಹರ್ಟ್ಸ್‌ನಲ್ಲಿ ಬರುತ್ತೆ. 50.3 ಮೆಗಾಹರ್ಟ್ಸ್‌ನಲ್ಲಿ ಯಾರಾದ್ರೂ ಫಿಲ್ಟರ್ ಇಲ್ಲದ ಆಂಪ್ಲಿಫೈಯರ್ ಹಾಕಿದ್ರೆ ಅದರ ಎರಡನೇ ಹಾರ್ಮೋನಿಕ್ ಎಲ್ಲಿ ಬೀಳುತ್ತೆ, ನೀವೇ ಗುಣಿಸಿ ನೋಡಿ. ಪಕ್ಕದ ಮನೆ ಅಜ್ಜಿ ಬೆಳಗ್ಗೆ ಕೇಳುವ ಭಾವಗೀತೆಯ ಮೇಲೆ.

ಹಾಗಾದ್ರೆ ಏನ್ ಮಾಡ್ಬೇಕು?

ಆಂಟೆನಾ. ಅದರಲ್ಲಿ ಗಳಿಸಿದ ಡೆಸಿಬೆಲ್ ಕಳಿಸುವಾಗಲೂ ಸಹಾಯ ಮಾಡುತ್ತೆ, ಕೇಳುವಾಗಲೂ ಸಾಮಾನ್ಯವಾಗಿ ಸಹಾಯ ಮಾಡುತ್ತೆ. ಆಂಪ್ಲಿಫೈಯರ್ ಬಾಯಿ ದೊಡ್ಡದು ಮಾಡುತ್ತೆ, ಕಿವಿ ಅಲ್ಲ. ಕೂಗೋದು ದೂರದವರೆಗೂ ಹೋಗುತ್ತೆ, ಉತ್ತರ ಕೊಟ್ಟವರು ಮಾತ್ರ ತನಗೆ ಕೇಳಿಸಲ್ಲ ಅನ್ನೋ ಸ್ಟೇಷನ್‌ಗೆ ಹ್ಯಾಮ್‌ಗಳು 'ಮೊಸಳೆ' ಅಂತಾರೆ. ದೊಡ್ಡ ಬಾಯಿ, ಸಣ್ಣ ಕಿವಿ. ನಾನು ಅದೇ ಆಗೋಕೆ ಹೊರಟಿದ್ದೆ. ಅಂಕಲ್ ಒಂದೇ ಮಾತು ಹೇಳಿದ್ರು: "ಪ್ರವಾಹ ಬಂದಾಗ ಯಾವನೋ ಬ್ಯಾಟರಿ ಮೇಲೆ 5 ವ್ಯಾಟ್‌ನಲ್ಲಿ ಸಹಾಯ ಕೇಳ್ತಿರ್ತಾನೆ. ನಿನ್ನ ಸದ್ದಿನ ಕೆಳಗೆ ಯಾರಿದ್ದಾರೆ ಅಂತ ನಿನಗೆ ಗೊತ್ತೇ ಆಗಲ್ಲ."

ಮನೆಗೆ ಬಂದು ಟೆರೇಸ್ ಮೇಲೆ ಜೋತು ಬಿದ್ದಿದ್ದ ನನ್ನ ಡೈಪೋಲ್ ನೋಡಿದೆ. ಎರಡೂ ಕೈ ಸೇರಿ 20 ಮೀಟರ್ ಉದ್ದದ ತಂತಿ, ಒಂದು ತುದಿ ನೀರಿನ ಟ್ಯಾಂಕ್‌ಗೆ ತಾಗ್ತಾ ಇತ್ತು. ತಮ್ಮನ ಜೊತೆ ಸೇರಿ ಅದನ್ನ ತೆಂಗಿನ ಮರಕ್ಕೆ ಎತ್ತಿ ಕಟ್ಟಿದೆ, ತುಕ್ಕು ಹಿಡಿದ ಕನೆಕ್ಟರ್ ಬದಲಾಯಿಸಿದೆ. ಖರ್ಚು ಕಿಟ್‌ನ ಕಾಲು ಭಾಗವೂ ಇಲ್ಲ. ಆ ವಾರವೇ, ಅದುವರೆಗೂ ನನಗೆ ಕೇಳಿಸದೇ ಇದ್ದ ಸ್ಟೇಷನ್‌ಗಳು ಕೇಳಿಸೋಕೆ ಶುರುವಾದವು.

ಕಿಟ್ ಬೀರುವಿನಲ್ಲಿದೆ. ಅದಕ್ಕೆ ಲೋ-ಪಾಸ್ ಫಿಲ್ಟರ್ ಕಟ್ಟೋದು ನನ್ನ ಮುಂದಿನ ಪ್ರಾಜೆಕ್ಟ್, ಟೆಸ್ಟ್ ಡಮ್ಮಿ ಲೋಡ್ ಮೇಲೆ ಮಾತ್ರ. ದಿನಾ ರಾತ್ರಿ ಹತ್ತು ನಿಮಿಷ ಮೋರ್ಸ್ ಕಲೀತಾ ಇದ್ದೀನಿ, ನಿಮಿಷಕ್ಕೆ 8 ಪದ ಬಂದ್ರೆ ಜನರಲ್ ಗ್ರೇಡ್ ಪರೀಕ್ಷೆಗೆ ಕೂರಬಹುದು. ನಿಮಗೂ ಆಸಕ್ತಿ ಇದ್ರೆ ಕನ್ನಡ ಕ್ಲಬ್ ಮೀಟಿಂಗ್ ಮುಗಿದ ಮೇಲೆ ಸಿಗಿ, ಜೊತೆಗೇ ಕಲಿಯೋಣ. ಅಲ್ಲಿವರೆಗೂ ನನಗೆ ಐವತ್ತು ವ್ಯಾಟ್ ಸಾಕು.