ಕೆಸರೂ ಕೆರೆಯೇ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಕರ್ನಾಟಕದ ರಾಮ್ಸಾರ್ ತಾಣಗಳ ಪಟ್ಟಿ ಬಾಯಿಪಾಠ. 2022ರಲ್ಲಿ ರಂಗನತಿಟ್ಟು. 2024ರಲ್ಲಿ ಒಟ್ಟಿಗೇ ಮೂರು: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಒಪ್ಪಂದ ಅಂಗೀಕಾರವಾದದ್ದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ, 1971ರ ಫೆಬ್ರುವರಿ 2ರಂದು. ಅದಕ್ಕಾಗಿಯೇ ಆ ದಿನ ವಿಶ್ವ ಜೌಗುಭೂಮಿ ದಿನ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಆದರೆ ಆ ಒಪ್ಪಂದದಲ್ಲಿ ಗೈಡುಗಳು ಹೆಚ್ಚು ಹೇಳದ ಒಂದು ಸಾಲಿದೆ. ಜೌಗುಭೂಮಿ ಎಂದರೇನು ಎಂದು ವಿವರಿಸುವಾಗ, ಇಳಿತದ ಹೊತ್ತಿನಲ್ಲಿ ಆರು ಮೀಟರ್‌ಗಿಂತ ಆಳವಿರದ ಕಡಲಂಚನ್ನೂ ಅದು ಸೇರಿಸಿಕೊಳ್ಳುತ್ತದೆ. ಅಂದರೆ ದೇಶದೇಶಗಳು ಕೂತು ಕಾಪಾಡಲು ಒಪ್ಪಿಕೊಂಡದ್ದು ಬರೀ ನೀರನ್ನಲ್ಲ. ನೀರು ಬಂದು ಹೋಗುವ ಅಂಚನ್ನು, ಆ ಅಂಚಿನ ಕೆಸರನ್ನು ಕೂಡ.

ಕೆಸರಿಗೆ ಯಾಕಿಷ್ಟು ಮಹತ್ವ ಎಂಬುದಕ್ಕೆ ಅಘನಾಶಿನಿಯೇ ಉತ್ತರ. ಶಿರಸಿಯ ಬಳಿ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಹರಿದು ಬಂದು, ಕುಮಟಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುವ ನದಿ ಅದು. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನೀರು ಇಳಿದಾಗ ಹರವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ಹೆಂಗಸರು ಬಳಚು ಹೆಕ್ಕಲು ಇಳಿಯುತ್ತಾರೆ. ಅದೇ ಬಯಲಿಗೆ ಉತ್ತರದಿಂದ ಬಂದ ಹಕ್ಕಿಗಳೂ ಇಳಿಯುತ್ತವೆ. ಉಬ್ಬರ ಬಂದರೆ ಊಟದ ಹೊತ್ತು ಮುಗಿಯಿತು. ಹಕ್ಕಿಗಳು ಗಜನಿ ಗದ್ದೆಗಳ ಬದುವಿಗೋ ಕಾಂಡ್ಲಾ ಗಿಡಗಳ ಅಂಚಿಗೋ ಸರಿದು ಕಾಯುತ್ತವೆ. ಉಬ್ಬರ ಇಳಿತಗಳ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹಕ್ಕಿ ನೋಡಲು ಹೋಗುವವರೂ ಗಡಿಯಾರಕ್ಕಿಂತ ಮೊದಲು ಕಡಲಿನ ಲೆಕ್ಕ ನೋಡಬೇಕಾಗುತ್ತದೆ.

ಮೈಸೂರಿಗೆ ಕಡಲಿಲ್ಲ. ನಾನಿರುವ ದೇವರಾಜ ಮೊಹಲ್ಲಾದಿಂದ ಕುಮಟಾಕ್ಕೆ ಹೋಗಬೇಕೆಂದರೆ ಒಂದು ಇಡೀ ರಾತ್ರಿಯ ಪ್ರಯಾಣ. ಆದರೆ ನಮ್ಮ ಸುತ್ತಲಿನ ಕೆರೆಗಳಿಗೂ ಒಂದು ಉಬ್ಬರ, ಒಂದು ಇಳಿತ ಇದೆ. ಅದು ದಿನಕ್ಕೆ ಎರಡು ಸಲವಲ್ಲ, ವರ್ಷಕ್ಕೊಂದು ಸಲ. ಹಿಂಗಾರು ಮುಗಿಯುವ ಹೊತ್ತಿಗೆ ತುಂಬಿದ ಕೆರೆ, ಡಿಸೆಂಬರ್‌ನಿಂದ ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತದೆ. ವಾರಕ್ಕೆ ಒಂದೆರಡು ಮಾರು ಹೊಸ ಕೆಸರು ಬಯಲಾಗುತ್ತದೆ. ಚಳಿಗಾಲದ ಅತಿಥಿಗಳು ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಕೆರೆಯ ರಚನೆ ಗೊತ್ತಿದ್ದರೆ ಹಕ್ಕಿ ಹುಡುಕುವುದು ಸುಲಭ. ಒಂದು ಬದಿಗೆ ಏರಿ, ತೂಬು. ಅಲ್ಲಿ ನೀರು ಆಳ. ಎದುರು ಬದಿಗೆ ಹಳ್ಳ ಬಂದು ಸೇರುವ ಹಿನ್ನೀರು. ಅಲ್ಲಿ ನೆಲ ತಟ್ಟೆಯಂತೆ ನಿಧಾನವಾಗಿ ಇಳಿಜಾರು. ನಾವು ವಾಕಿಂಗ್ ಮಾಡುವುದು ಏರಿಯ ಮೇಲೆ. ಕುಕ್ಕರಹಳ್ಳಿ ಕೆರೆಯಲ್ಲಿ ಬೆಳಿಗ್ಗೆ ಏರಿಯ ಮೇಲಿಂದ ಕಾಣುವ ಹೆಜ್ಜಾರ್ಲೆ, ನೀರುಕಾಗೆಗಳಿಗೆ ಮೀನಿರುವ ತೆರೆದ ನೀರು ಬೇಕು. ಆದರೆ ದೂರದಿಂದ ಬಂದ ಬಹಳಷ್ಟು ಅತಿಥಿಗಳಿಗೆ ಆಳ ಬೇಡ. ಅವುಗಳ ಊಟ ಹಿನ್ನೀರಿನಲ್ಲಿ.

ಯಾರಿಗೆ ಎಷ್ಟು ನೀರು ಬೇಕು ಎಂಬುದನ್ನು ಕಾಲು, ಕೊಕ್ಕುಗಳೇ ಹೇಳುತ್ತವೆ. ಸಿಪಿಲೆಗೆ ಒದ್ದೆ ನೆಲ ಸಾಕು. ಬಾಲ ಕುಣಿಸುತ್ತ ಹುಳ ಹೆಕ್ಕುತ್ತದೆ. ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿ ಇಪ್ಪತ್ತೈದು ಗ್ರಾಂ ತೂಗುವುದೂ ಕಷ್ಟ. ಉತ್ತರ ಧ್ರುವದ ಹತ್ತಿರದ ಬಯಲಿನಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಅದಕ್ಕೆ ಬೆರಳಗಲದ ನೀರು ಸಾಕು. ಗೊರವಗಳು ಇನ್ನೊಂದಿಷ್ಟು ಒಳಗೆ. ಮೆಟ್ಟುಗಾಲು ಹಕ್ಕಿ ತನ್ನ ಕೆಂಪು ಕಾಲಿನ ಬಲದಿಂದ ಗೇಣಿನ ಹತ್ತಿರ ಇಳಿಯುತ್ತದೆ. ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಮೊಳದೊಳಗಿನ ಆಳದಿಂದ ಬೀಜ, ಬೇರು ಕೀಳುತ್ತದೆ. ಸಲಿಕೆಯಂಥ ಕೊಕ್ಕಿನ ಶೊವೆಲರ್ ಬಾತು ಮೇಲುನೀರನ್ನೇ ಸೋಸಿ ತಿನ್ನುತ್ತದೆ. ಒಂದೇ ಹಿನ್ನೀರಿನಲ್ಲಿ ಬೆರಳು, ಗೇಣು, ಮೊಳ ಎಂದು ಪಂಕ್ತಿ ಹಾಕಿದ ಹಾಗೆ ಎಲ್ಲರಿಗೂ ಜಾಗ. ಇವೆಲ್ಲ ಇದ್ದಲ್ಲಿ ಮೇಲೆ ಜೌಗು ಸೆಳೆವ ಸುತ್ತುತ್ತಲೂ ಇರುತ್ತದೆ. ಆ ಬೇಟೆಗಾರ ಕೆಳಗಿಳಿದರೆ ಸಾಕು, ಇಡೀ ಹಿನ್ನೀರು ಒಮ್ಮೆಲೇ ಎದ್ದು ಹಾರುತ್ತದೆ.

ಈ ಅತಿಥಿಗಳಲ್ಲಿ ಎಲ್ಲರ ಕಣ್ಣು ಸೆಳೆಯುವುದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಗುರುತಿಸಲು ಪುಸ್ತಕವೇ ಬೇಡ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯವರೆಗೆ ಬರುತ್ತದೆ. ಉಪಗ್ರಹ ಟ್ಯಾಗ್ ಹಾಕಿ ಹಿಂಬಾಲಿಸಿದಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆಮ್ಲಜನಕ ಕಡಿಮೆಯಿರುವ ಗಾಳಿಯಲ್ಲೂ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಅದರ ರಕ್ತದಲ್ಲಿದೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ತೊಡಿಸಿದ ಗುರುತುಪಟ್ಟಿಯ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಿ ಬರೆದುಕೊಂಡವರು ಹವ್ಯಾಸಿ ಹಕ್ಕಿ ನೋಡುಗರು.

ಹದಿನಾರಿನಲ್ಲಿ ಹೆಬ್ಬಾತುಗಳು ಹಗಲು ಕೆರೆಯಲ್ಲಿ ವಿಶ್ರಮಿಸುತ್ತವೆ. ಹೊತ್ತು ಮುಳುಗುವಾಗ ಸಾಲುಗಟ್ಟಿ ಗದ್ದೆಗಳ ಕಡೆ ಏಳುತ್ತವೆ. ಹೋದ ತಿಂಗಳು ಅಲ್ಲಿ ನಿಂತಿದ್ದಾಗ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

‘ಏನಪ್ಪ, ಬಾತು ನೋಡಾಕ್ ಬಂದ್ಯಾ?’

‘ಹೌದು ತಾತ. ಈ ಸಲ ಕಮ್ಮಿ ಕಾಣ್ತಿವೆ.’

‘ನೀರು ಜಾಸ್ತಿ ಅದೆ ಕಣಪ್ಪ. ನೀರು ಇಳುದ್ರೆ ಬತ್ತವೆ. ಆದ್ರೆ ನೀರು ಇಳುದ್ರೆ ನಮ್ಗೆ ತ್ರಾಸು. ನೀನೇ ಯೋಳು, ಯಾರ್ ಕಡೀಕ್ ಮಾತಾಡಾದು?’

ಹಕ್ಕಿಗಳ ಪರವಾಗಿ ಮಾತಾಡುವ ಯಾರೂ ಈ ಪ್ರಶ್ನೆಯನ್ನು ದಾಟಿಕೊಂಡು ಹೋಗಲಾಗದು. ಕೆರೆ ಕಟ್ಟಿದ್ದು ಗದ್ದೆಗೆ, ದನಕರುಗಳಿಗೆ, ಊರಿನ ಬಾವಿಗಳಿಗೆ. ತಾತ ಕೇಳಿದ್ದು ನ್ಯಾಯ. ಆದರೆ ಈಗ ಹಲವು ಕೆರೆಗಳಲ್ಲಿ ನಡೆಯುತ್ತಿರುವುದು ತಾತನಿಗೂ ಬಾತಿಗೂ ನಡುವಿನ ಜಗಳವಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಬರುವ ಜೆಸಿಬಿ ಹಿನ್ನೀರಿನ ಇಳಿಜಾರನ್ನೇ ಕಡಿದು, ಇಡೀ ಕೆರೆಯನ್ನು ಒಂದೇ ಸಮ ಆಳದ ತೊಟ್ಟಿ ಮಾಡುತ್ತದೆ. ಸುತ್ತ ಕಲ್ಲು ಹಾಸಿ, ಕಡಿದಾದ ಬದಿ ಕಟ್ಟಿ, ಅದರ ಮೇಲೆ ನಡಿಗೆ ಪಥ, ದೀಪ. ಚಿತ್ರದಲ್ಲಿ ಚೆಂದ ಕಾಣುತ್ತದೆ, ನೀರೂ ತುಂಬಿರುತ್ತದೆ. ಆದರೆ ಬೆರಳು, ಗೇಣು, ಮೊಳದ ಜಾಗ ಮಾಯ. ಎಮ್ಮೆಗೂ ಇಳಿದು ನೀರು ಕುಡಿಯಲು ದಾರಿಯಿಲ್ಲ.

ಹಕ್ಕಿಗಳು ಬೇರೆ ಕಡೆ ಹೋಗುತ್ತವೆ ಬಿಡಿ ಎನ್ನುವವರಿದ್ದಾರೆ. ಹಾಗಾಗುವುದಿಲ್ಲ ಎಂಬುದಕ್ಕೆ ದಕ್ಷಿಣ ಕೊರಿಯಾದ ಸಮಾಂಗಮ್ ಸಾಕ್ಷಿ. ಅಲ್ಲಿನ ಅಳಿವೆಗೆ ಅಡ್ಡಲಾಗಿ 33 ಕಿಲೋಮೀಟರ್ ಉದ್ದದ ಕಡಲಗೋಡೆ ಕಟ್ಟಿ, 2006ರ ಏಪ್ರಿಲ್‌ನಲ್ಲಿ ಮುಚ್ಚಿದರು. ಉಬ್ಬರ ಇಳಿತ ನಿಂತಿತು, ಕೆಸರುಬಯಲು ಸತ್ತಿತು. ಆಸ್ಟ್ರೇಲಿಯಾದಿಂದ ಸೈಬೀರಿಯಾಕ್ಕೆ ಹೋಗುವ ದಾರಿಯಲ್ಲಿ ಅಲ್ಲಿಳಿದು ಮೈಗೆ ಕೊಬ್ಬು ತುಂಬಿಕೊಳ್ಳುತ್ತಿದ್ದ ಗ್ರೇಟ್ ನಾಟ್ ಎಂಬ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಕಾಣೆಯಾದವು. ಅಕ್ಕಪಕ್ಕದ ಅಳಿವೆಗಳಲ್ಲಿ ಆ ಲೆಕ್ಕ ಹೆಚ್ಚಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಮಾತ್ರ ಕಡಿಮೆಯಾಯಿತು. ದೂರ ಹಾರುವ ಹಕ್ಕಿಗೆ ನಡುವೆ ಒಂದು ಅನ್ನಛತ್ರ ಮುಚ್ಚಿದರೆ ಮುಂದಿನ ಛತ್ರದವರೆಗೆ ಹಾರುವ ಶಕ್ತಿ ಉಳಿಯುವುದಿಲ್ಲ. ಅದೇ ದೇಶದ ಉಳಿದ ಕೆಲವು ಕೆಸರುಬಯಲುಗಳು 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಸಮಾಂಗಮ್ ನಷ್ಟ ಜಗತ್ತಿಗೆ ಗೊತ್ತಾದದ್ದು ಹೇಗೆ? ಗೋಡೆ ಮುಚ್ಚುವ ಹೊತ್ತಿನಲ್ಲೂ ಆಮೇಲೂ ಅಲ್ಲಿ ಹಕ್ಕಿ ಎಣಿಸಿದವರಿದ್ದರು. ಲೆಕ್ಕವಿಲ್ಲದಿದ್ದರೆ ಅದು ಬರೀ ದೂರು. ಲೆಕ್ಕವಿದ್ದರೆ ಸಾಕ್ಷ್ಯ.

ನಮ್ಮಂಥವರಿಂದ ಏನಾದೀತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಎಣಿಸುವವರಲ್ಲಿ ಬಹುಪಾಲು ಸ್ವಯಂಸೇವಕರು. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಎಣಿಕೆಯಲ್ಲಿ ಕಾಲೇಜುಗಳಿಗೆಂದೇ ಕ್ಯಾಂಪಸ್ ಬರ್ಡ್ ಕೌಂಟ್ ಇದೆ. ಹದಿನೈದು ನಿಮಿಷ ನೋಡಿ, ಕಂಡ ಹಕ್ಕಿಗಳನ್ನೆಲ್ಲ ಇಬರ್ಡ್ ಆ್ಯಪ್‌ನಲ್ಲಿ ಸೇರಿಸಿದರೆ ಅದೇ ಒಂದು ದಾಖಲೆ. ಇಂಥ ಪಟ್ಟಿಗಳನ್ನೇ ಒಟ್ಟು ಮಾಡಿ 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ ತಯಾರಾಯಿತು. ಸುಮಾರು 30,000 ಹಕ್ಕಿ ನೋಡುಗರು ಕೊಟ್ಟ ಮಾಹಿತಿ, 942 ಪ್ರಭೇದಗಳ ಪರಿಶೀಲನೆ. ದೀರ್ಘಾವಧಿಯ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿವೆ ಎಂದು ಗೊತ್ತಾದದ್ದು ಹೀಗೆ. ಆ ನೋಡುಗರಲ್ಲಿ ವಿದ್ಯಾರ್ಥಿಗಳಿದ್ದರು, ನಿವೃತ್ತರಿದ್ದರು, ಕೆಲಸ ಹುಡುಕುತ್ತಿದ್ದವರೂ ಇದ್ದೇ ಇರುತ್ತಾರೆ.

ಶುರು ಮಾಡಲು ದೊಡ್ಡ ಖರ್ಚಿಲ್ಲ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಬೈನಾಕ್ಯುಲರ್ ಮೂವರು ಗೆಳೆಯರಿಗೆ ಸಾಕು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ, ಬಿಸಿಲು ಬೆನ್ನಿಗಿರುವಂತೆ ನಿಂತರೆ ಬಣ್ಣ ಸ್ಪಷ್ಟ. ಗಾಢ ಬಣ್ಣದ ಅಂಗಿ ಬೇಡ, ಕೆಸರಿಗೆ ಇಳಿಯುವುದೂ ಬೇಡ. ಸೆಲ್ಫಿಗಾಗಿ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸಿದರೆ, ಅವು ವಾಪಸು ಹಾರಲೆಂದು ಕೂಡಿಟ್ಟ ಕೊಬ್ಬನ್ನು ನಾವು ಸುಟ್ಟಂತೆ. ದೊಡ್ಡ ಹಿಂಡು ಎಣಿಸುವ ಉಪಾಯವೂ ಸರಳ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿ, ಅಂಥ ತುಂಡು ಎಷ್ಟಿವೆ ಎಂದು ಲೆಕ್ಕ ಹಾಕಿದರಾಯಿತು. ಹೆಸರು ಗೊತ್ತಾಗದ ಹಕ್ಕಿಯನ್ನು ‘ಗೊತ್ತಾಗದ ಬಾತು, 12’ ಎಂದೇ ಬರೆಯಿರಿ. ಊಹಿಸಿ ಬರೆದ ಹೆಸರಿಗಿಂತ ಅದು ಮೇಲು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಊರೊಳಗೇ ಇವೆ. ವರುಣಾ ಮತ್ತು ಹದಿನಾರಿಗೆ ಒಂದು ಬೆಳಗಿನ ಪಯಣ.

ಇದರಿಂದ ಕೆಲಸ ಸಿಗುತ್ತದೆ ಎಂದು ಹೇಳಿದರೆ ಸುಳ್ಳಾದೀತು. ಫಲಿತಾಂಶಕ್ಕೆ, ಸಂದರ್ಶನದ ಪತ್ರಕ್ಕೆ ಕಾಯುವ ದಿನಗಳಲ್ಲಿ ನಮ್ಮ ಸಮಯಕ್ಕೆ ಬೆಲೆಯೇ ಇಲ್ಲವೆಂದು ಅನಿಸುವುದುಂಟು. ಒಂದು ಕೆರೆಯನ್ನು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರ ಒಂದೇ ಜಾಗದಿಂದ ನೋಡಿದವರ ನೋಟ್‌ಬುಕ್ಕಿನಲ್ಲಿ ಸುಮಾರು ಇಪ್ಪತ್ತಾರು ಪಟ್ಟಿಗಳಿರುತ್ತವೆ. ಆ ಕೆರೆಯ ಬಗ್ಗೆ ಅಂಥ ಪಟ್ಟಿ ಬೇರೆ ಯಾರ ಬಳಿಯೂ ಇರಲಿಕ್ಕಿಲ್ಲ. ಏನೂ ಕಾಣದ ಭಾನುವಾರದ ಸೊನ್ನೆಯೂ ಅದರಲ್ಲಿ ಒಂದು ಅಂಕಿ.

ನಾಳೆ ಆ ಕೆರೆಗೆ ಅಭಿವೃದ್ಧಿ ಯೋಜನೆ ಬಂದಾಗ ಆ ನೋಟ್‌ಬುಕ್ಕು ಮಾತಾಡಬಲ್ಲದು. ಹೂಳು ಎತ್ತಿ, ಆದರೆ ಏರಿಯ ಬದಿಗೆ ಎತ್ತಿ. ನಡಿಗೆ ಪಥ ಮಾಡಿ, ಆದರೆ ಹಿನ್ನೀರಿನ ಸುತ್ತ ಬೇಡ. ಕಲ್ಲು ಹಾಸಬೇಕಾದಲ್ಲಿ ಹಾಸಿ, ಆದರೆ ಎಮ್ಮೆ ಇಳಿಯುವ, ಹಕ್ಕಿ ನಡೆಯುವ ಇಳಿಜಾರನ್ನು ಇದ್ದ ಹಾಗೇ ಬಿಡಿ. ತಾತನ ಗದ್ದೆಗೆ ಇದರಿಂದ ಒಂದು ಹನಿ ನೀರೂ ಕಡಿಮೆಯಾಗದು. 1940ರಲ್ಲಿ ಸಲೀಂ ಅಲಿ ಮಾತಿಗೆ ಕಿವಿಗೊಟ್ಟು ಮೈಸೂರಿನ ಅರಸರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. ಅರ್ಜಿ ಕೊಡಲು ಈಗ ಅರಸರಿಲ್ಲ, ಸಭೆಗಳಿವೆ. ಸಭೆಯಲ್ಲಿ ‘ಅಲ್ಲಿ ಹಕ್ಕಿಗಳಿವೆಯಾ? ಎಷ್ಟಿವೆ? ಯಾವಾಗ?’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಗೊತ್ತಿರುವವರು ಆ ದಿನ ಅಲ್ಲಿರಬೇಕು.

ಮಾರ್ಚ್ ಬರುತ್ತಿದ್ದಂತೆ ಹೆಬ್ಬಾತುಗಳು ಉತ್ತರಕ್ಕೆ ಹೊರಡುತ್ತವೆ. ಅಷ್ಟರೊಳಗೆ ಇನ್ನೂ ಕೆಲವು ಭಾನುವಾರಗಳು ಉಳಿದಿವೆ.