ಹಗೇವು ಬಿಟ್ಟು ಉಳಿದದ್ದೆಲ್ಲ

ಯುಗಾದಿ ಕಳೆದಿದೆ. ಬೆಣ್ಣಿಹಳ್ಳದ ದಂಡೆಯ ಎರೆಹೊಲಗಳು ಬಾಯಿ ಬಿಟ್ಟಿವೆ. ನವಲಗುಂದ ತಾಲ್ಲೂಕಿನ ಈ ಊರಲ್ಲಿ ಒಂದು ಮಾಳಿಗೆ ಮನೆಯ ಸಾಮಾನೆಲ್ಲ ಪಡಸಾಲೆಗೆ ಬಂದು ಬಿದ್ದಿದೆ. ಮುದುಕ ಮುದುಕಿ ಹುಬ್ಬಳ್ಳಿಯಲ್ಲಿರುವ ಮಗನ ಎರಡು ಖೋಲಿಯ ಮನೆಗೆ ಹೊರಟಿದ್ದಾರೆ. ಮಿರಗದ ಮಳೆಗೆ ಮೊದಲು ಮಾಳಿಗೆ ಹತ್ತಿ ಕರಲು ಮಣ್ಣು ಹಾಕುವ ಕೈಗಳು ಮನೆಯಲ್ಲಿ ಉಳಿದಿಲ್ಲ. 2019ರ ಆಗಸ್ಟ್ ಮಳೆಗೆ ಈ ಸೀಮೆಯ ಮಣ್ಣಿನ ಗೋಡೆಗಳು ಕುಸಿದದ್ದನ್ನು ಕಂಡ ಮೇಲೆ, ಮೋಡ ಕಟ್ಟಿದ ರಾತ್ರಿ ಮಗನಿಗೆ ನಿದ್ದೆಯಿಲ್ಲ.

ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ದಂದಕ್ಕಿ, ಮೆಟ್ಟಿಲೇರಿದರೆ ಪಡಸಾಲೆ. ಎತ್ತು ಮಾರಿ ವರ್ಷಗಳಾದವು. ಗ್ವಾದಲಿಯಲ್ಲಿ ರಸಗೊಬ್ಬರದ ಖಾಲಿ ಚೀಲಗಳಿವೆ. ಬೆಳಕಿಂಡಿಯಿಂದ ಇಳಿದ ಬಿಸಿಲು ಗೋಡೆಗೆ ಆನಿಸಿದ ಗಳೇ ಸಾಮಾನಿನ ಮೇಲೆ ಬಿದ್ದಿದೆ: ಕೂರಿಗೆ, ಕುಂಟಿ, ನೊಗ, ಮಿಣಿ. ಕೂರಿಗೆಯ ಮೇಲೆ ಹೋದ ಸಲದ ಪೂಜೆಯ ಕುಂಕುಮ ಇನ್ನೂ ಇದೆ. ಅದನ್ನು ಒಲೆಗೆ ಹಾಕುವಂತಿಲ್ಲ, ಒಯ್ಯುವಂತೆಯೂ ಇಲ್ಲ.

ಒಳಗಿನಿಂದ ತಾಮ್ರದ ಹಂಡೆ, ಹಿತ್ತಾಳೆ ಕೊಡಗಳು ಸಾಲಾಗಿ ಬರುತ್ತಿವೆ. ಇಷ್ಟೊಂದೇಕೆ ಎಂದು ಕೇಳುವವರು ಎರೆನಾಡಿನವರಲ್ಲ. ಇಲ್ಲಿನ ಬಾವಿ ನೀರು ಸವುಳು, ಕುಡಿಯಲು ಕೆರೆಯ ನೀರನ್ನೇ ಹೊತ್ತು ತುಂಬಿಡಬೇಕಿತ್ತು. ಹಂಚಿಕೆಯಲ್ಲಿ ಯಾರೂ ಬೆಲೆ ಎತ್ತುವುದಿಲ್ಲ. ಹಂಡೆ ಹಿರಿಯ ಮಗಳಿಗೆ, ಕಂಚಿನ ಗಂಗಾಳ ಕಿರಿಯಳಿಗೆ. ಹೊಲ ಮಾಡುವ ಕೋರಪಾಲಿನವನಿಗೆ ಕೊಡಲಿ, ಹಗ್ಗ. ಜಗಳ ಹುಟ್ಟಿದ್ದು ಜಮಖಾನೆಗೆ. ನವಲಗುಂದದ ಓಣಿಯಲ್ಲಿ ಹೆಣ್ಣುಮಕ್ಕಳು ನಿಲುಮಗ್ಗದ ಮುಂದೆ ಕೂತು ನೇಯುವ ಹಾಸು; ನಡುವೆ ಪಗಡೆಯ ಮನೆ, ಸುತ್ತ ನವಿಲು. ಅದಕ್ಕೀಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಅಕ್ಕತಂಗಿಯರು ಎರಡೂ ತುದಿ ಹಿಡಿದು ಮಡಚುವ ನೆಪದಲ್ಲಿ ಎಳೆದಾಡುತ್ತಿದ್ದಾರೆ.

ಯಾರ ಪಾಲಿಗೂ ಬಾರದ್ದು ಅಂಗಳದ ನೆಲದೊಳಗಿನ ಕಾಳಿನ ಗುಂಡಿ, ಹಗೇವು. ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಹೂಜಿಯಂತೆ ಅಗಲ. ತಳಕ್ಕೂ ಮಗ್ಗುಲಿಗೂ ಹುಲ್ಲು ಹೊಂದಿಸಿ, ಬಿಳಿಜೋಳ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡದು. ತೆಗೆದ ಜೋಳಕ್ಕೊಂದು ಮುಗ್ಗು ವಾಸನೆ, ಅಷ್ಟೇ. ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕೇ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಮೊಮ್ಮಗ ಕಲ್ಲಿಗೆ ಹಾರೆ ಹಾಕಿದ.

‘ಲೇ ತಮ್ಮಾ, ಅದರ ತಂಟೇಕ ಹೋಗಬ್ಯಾಡ. ಖಾಲಿ ಐತಿ,’ ಅಂದ ಅಜ್ಜ.

ಮಳೆ ಕೈಕೊಟ್ಟ ವರ್ಷಕ್ಕೆಂದು ಕೂಡಿಟ್ಟ ಮನೆಯಿದು. ನೆಲವಿನ ಗಡಿಗೆ, ಅಟ್ಟದ ಹಗ್ಗ, ಒಂದೂ ಶೋಕಿಗೆ ಬಂದದ್ದಲ್ಲ. ಕಾಳು ವಾರವಾರ ಅಂಗಡಿಯಿಂದ ಬರುವ ಮನೆಗೆ ಇವೆಲ್ಲ ಬರೀ ಭಾರ.

ಅಮೆರಿಕದಲ್ಲಿ ಮನೆ ಮಾರಿ ಗಾಲಿಯ ಮೇಲಿನ ಮನೆಗೆ ಸೇರುವ ನಿವೃತ್ತರಿದ್ದಾರಂತೆ ಎಂದು ಮಗ ಮೊಬೈಲಿನಲ್ಲಿ ತೋರಿಸಿದ. ಮುದುಕಿಗೆ ಅದೇನೂ ಹೊಸದಲ್ಲ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಚಕ್ಕಡಿಯಲ್ಲಿ ಹೋದವಳು. ಕೌದಿ, ರೊಟ್ಟಿಬುಟ್ಟಿ, ಹಂಚು, ಕೂಸು ಎಲ್ಲ ಅದರೊಳಗೇ. ‘ಮನೀಗೆ ತಿರುಗಿ ಬರ್ತಿದ್ವಿ ನೋಡಪಾ, ಅದಕ್ಕ ಅಷ್ಟ ಸಾಲ್ತಿತ್ತು,’ ಅಂದಳು.

ಮಧ್ಯಾಹ್ನ ಹುಬ್ಬಳ್ಳಿಯ ವ್ಯಾಪಾರಿ ಬಂದು ಸಾಗವಾನಿ ಕಂಬಗಳನ್ನು ಬೆರಳಿನಿಂದ ಬಡಿದು ನೋಡಿದ. ಹಳೆಯ ಕಂಬ, ಚೌಕಟ್ಟುಗಳಿಗೆ ಹೋಟೆಲು ರೆಸಾರ್ಟುಗಳಲ್ಲಿ ಗಿರಾಕಿಯಿದೆ. ಇಡೀ ದಿನದಲ್ಲಿ ರೊಕ್ಕದ ಮಾತು ಬಂದದ್ದು ಇದೊಂದಕ್ಕೇ. ಕಂಬ ಕಿತ್ತರೆ ಜಂತಿ ನಿಲ್ಲುವುದು ಹೇಗೆ ಎಂದು ಅಜ್ಜ ಕೇಳಿದ್ದಕ್ಕೆ ಅವನು ನಕ್ಕ.

ಹೊರಗೆ ಸಾಮಾನು ಒಯ್ಯಲು ಬಂದ ಛೋಟಾ ಹಾಥಿ ಗಾಡಿ ಹಾರ್ನ್ ಹೊಡೆಯುತ್ತಿದೆ. ಮುದುಕಿ ಬೀಸುಕಲ್ಲಿನ ಮುಂದೆ ಕೂತಿದ್ದಾಳೆ.

‘ಅವ್ವಾ, ಮೂರನೇ ಮಹಡಿ. ಲಿಫ್ಟ್ ಇಲ್ಲ,’ ಮಗ ಹೇಳಿದ.

‘ನಿನ್ನ ಮಗಳ ಮದವ್ಯಾಗ ಅರಿಷಿಣ ಯಾತರಾಗ ಬೀಸ್ತಿ? ಮಿಕ್ಸರದಾಗ?’

ಡ್ರೈವರ್ ಇಳಿದು ಬಂದು ಮೇಲಿನ ಕಲ್ಲನ್ನು ಹೆಗಲಿಗೇರಿಸಿಕೊಂಡ. ಕೆಳಗಿನದಕ್ಕೆ ಮಗನೇ ಬಗ್ಗಬೇಕಾಯಿತು.