ಮನೆಮನೆಯ ದಫ್ತರು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಸೀಮೆಯಲ್ಲಿ ಗೊರೇಬಾಳವೆಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಎರೆಭೂಮಿ, ತುಂಗಭದ್ರೆಯ ಎಡದಂಡೆ ಕಾಲುವೆ, ಆ ನೀರುಂಡು ಬೆಳೆದ ಭತ್ತದ ಗದ್ದೆ. ಹರಿದಾಸ ಸಾಹಿತ್ಯದಲ್ಲಿ ಸ್ವಲ್ಪವಾದರೂ ಪರಿಶ್ರಮವುಳ್ಳವರಿಗಾದರೋ ಆ ಹೆಸರನ್ನು ಕೇಳಿದೊಡನೆ ಸ್ಮರಣೆಗೆ ಬರುವವರು ಗೊರೇಬಾಳ ಹನುಮಂತರಾಯರು. ಗೊರೇಬಾಳವೆಂಬ ಊರ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿ, ಲಿಂಗಸೂಗೂರನ್ನು ಕಾರ್ಯಕ್ಷೇತ್ರವಾಗಿ ಮಾಡಿಕೊಂಡು, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಪದಗಳನ್ನೂ ಸುಳಾದಿಗಳನ್ನೂ ಸಂಪುಟದ ಮೇಲೆ ಸಂಪುಟವಾಗಿ ಅಚ್ಚು ಹಾಕಿಸಿದ ಈ ಮಹನೀಯರು, ಈ ನೆಲದ ಮನೆಗಳಲ್ಲಿ ಬಟ್ಟೆಯೊಳಗೆ ಸುತ್ತಿಟ್ಟಿದ್ದ ಕಾಗದದ ಕಟ್ಟುಗಳೇ ಒಂದು ಸಾಹಿತ್ಯದ ಭಂಡಾರವೆಂಬುದನ್ನು ಮೊದಲು ಕಂಡವರಲ್ಲಿ ಒಬ್ಬರು. ಅವರ ಸಂಪುಟಗಳನ್ನು ತೆರೆದಾಗಲೆಲ್ಲ ನನ್ನನ್ನು ಕಾಡುವುದು ಒಂದೇ ಪ್ರಶ್ನೆ: ಹಾಡುಗಳು ಅಚ್ಚಾದುವು, ಸರಿ, ಆ ಹಾಡುಗಳನ್ನು ಹೊತ್ತಿದ್ದಂಥ ಕಟ್ಟುಗಳ ಪಾಡೇನು?

ದಾಸರ ಪದಗಳು ಅಚ್ಚಿನ ಮುಖವನ್ನು ಕಂಡದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ಅವುಗಳ ಒಂದು ಸಂಗ್ರಹವನ್ನು ಹೊರತಂದ ಮೇಲೆ, ಉಡುಪಿಯಲ್ಲಿ ಪಾವಂಜೆ ಗುರುರಾಯರು ಆ ಕಾರ್ಯವನ್ನು ಮುಂದುವರಿಸಿದರು. ಆದರೆ ವಿಜಯದಾಸರು ಹುಟ್ಟಿದ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನವಿ, ಪ್ರಾಣೇಶದಾಸರ ಲಿಂಗಸೂಗೂರು ಇವೆಲ್ಲವೂ ಇರುವುದು ಕಡಲತೀರದಿಂದ ಬಹುದೂರದ ಈ ಕೃಷ್ಣಾ ತುಂಗಭದ್ರೆಗಳ ನಡುಗಡ್ಡೆಯಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಪ್ರವಹಿಸಿದ ದಾಸ ಸಾಹಿತ್ಯದ ಎರಡನೆಯ ಹೊನಲು ಯಾವ ಅರಮನೆಯ ಭಂಡಾರವನ್ನೂ ಸೇರದೆ, ಶಿಷ್ಯರ ಮನೆಗಳಲ್ಲಿ, ಶಾನುಭೋಗರ ದಫ್ತರುಗಳ ಪಕ್ಕದಲ್ಲಿ, ದೇವರ ಜಗುಲಿಯ ಮೇಲೆ, ಹಾಡುವ ಹೆಂಗಸರ ಕೈಬರಹದ ಪುಸ್ತಕಗಳಲ್ಲಿ ನಿಂತಿತು. ಈ ಶತಮಾನದ ಆರಂಭದಲ್ಲಿ ಸರಕಾರವೇ ಸಮಗ್ರ ದಾಸ ಸಾಹಿತ್ಯವನ್ನು ಸಂಪುಟಗಳಾಗಿ ಪ್ರಕಟಿಸುವಷ್ಟರಮಟ್ಟಿಗೆ ಸಾಮಗ್ರಿ ಒದಗಿದ್ದರೆ, ಅದರ ಹಿಂದೆ ಇಂಥ ಮನೆಗಳ ಋಣವಿದೆ.

ಅಂಥದೊಂದು ಹಾಡಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕು. ಒರಟು ಕಾಗದದ ಹಾಳೆಗಳನ್ನು ಮಡಿಚಿ, ನಡುವೆ ದಪ್ಪ ದಾರದಿಂದ ಹೊಲಿದು, ಹಳೆಯ ಸೀರೆಯ ತುಂಡನ್ನು ರಟ್ಟಿಗೆ ಹೊದಿಸಿರುತ್ತಾರೆ. ಪದಗಳ ನಡುವೆ ತೆರಪಿಲ್ಲದೆ ಅಂಚಿನಿಂದ ಅಂಚಿಗೆ ಹರಿದ ಬರಹ. ಪಲ್ಲವಿಯ ಮುಂದೆ ಒಂದು ಪ, ಅನುಪಲ್ಲವಿಯ ಮುಂದೆ ಒಂದು ಅ, ನುಡಿ ಮುಗಿದಲ್ಲಿ ಎರಡು ಗೀಟು. ಸುಳಾದಿಯಾದರೆ ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಎಂದು ತಾಳದ ಹೆಸರುಗಳು ಬರಹದ ನಡುವೆಯೇ ಬಂದು, ಕೊನೆಗೆ ಜತೆಯೆಂಬ ಎರಡು ಸಾಲಿನಲ್ಲಿ ಎಲ್ಲವೂ ಸಮಾಪ್ತಿಯಾಗುವುದು. ಪುಟದ ಕೆಳತುದಿ ಹೆಬ್ಬೆರಳಿನ ಸವೆತದಿಂದ ಮೆತ್ತಗಾಗಿ ಕಂದಿದೆ. ಮಂಗಳಾರತಿಯ ಹಾಡಿರುವ ಪುಟದಲ್ಲಿ ಎಣ್ಣೆಯ ಕಲೆ, ಅರಿಶಿನ ಕುಂಕುಮದ ಬೆರಳಚ್ಚು. ಅದೇ ಪುಸ್ತಕವನ್ನು ತಿರುವಿ ಹಿಂದಿನಿಂದ ತೆರೆದರೆ, ಜೋಳ ಇಷ್ಟು ಚೀಲ, ಆಳಿನ ಕೂಲಿ ಇಷ್ಟು, ಮಗುವಿನ ಜನನ ಇಂಥ ಸಂವತ್ಸರದ ಇಂಥ ತಿಥಿ, ಅತ್ತೆಯವರ ಶ್ರಾದ್ಧ ಇಂಥ ದಿನ ಎಂಬ ಬರಹ. ಪ್ರಕಾಶಕನಿಗೆ ಬೇಕಾದುದು ಮುಂಭಾಗ. ಹಿಂಭಾಗವು ಅವನಿಗೆ ಅಪ್ರಸ್ತುತ. ಆದರೆ ಈ ಹಾಡನ್ನು ಬರೆದುಕೊಂಡ ಹೆಂಗಸು ಯಾರು, ಯಾವ ತಲೆಮಾರಿನವಳು, ಯಾವ ಬರಗಾಲದ ವರ್ಷದಲ್ಲಿ ಯಾವ ಹಾಡನ್ನು ಕೂಡಿಸಿಕೊಂಡಳು ಎಂಬುದನ್ನು ತಿಳಿಸಬಲ್ಲುದು ಆ ಹಿಂಭಾಗ ಒಂದೇ. ಅಚ್ಚಾದ ಮೇಲೆ ಮೂಲಪ್ರತಿಯಿಂದ ಇನ್ನೇನು ಪ್ರಯೋಜನವೆಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಅದೇ.

ಪಾಠದ ದೃಷ್ಟಿಯಿಂದ ನೋಡಿದರೂ ಮೂಲಪ್ರತಿಯ ಕೆಲಸ ಮುಗಿದಿಲ್ಲ. ದಾಸರ ಕೃತಿಯನ್ನು ಕರ್ತೃವಿನೊಡನೆ ಕೂಡಿಸುವ ಸೂತ್ರವು ಕೊನೆಯ ನುಡಿಯಲ್ಲಿ ಬರುವ ಅಂಕಿತ. ಬಾಯಿಂದ ಬಾಯಿಗೆ ಸಾಗುವಾಗ ಕೊನೆಯ ನುಡಿ ಬಿದ್ದುಹೋಗುವುದೂ, ಒಬ್ಬರ ಹಾಡಿಗೆ ಇನ್ನೊಬ್ಬರ ಅಂಕಿತ ಬಂದು ಸೇರುವುದೂ, ಹೆಚ್ಚು ಪ್ರಸಿದ್ಧರಾದ ಪುರಂದರದಾಸರ ಹೆಸರಿಗೆ ಅಪ್ರಸಿದ್ಧರ ಹಾಡು ಸಂದುಹೋಗುವುದೂ ಸಾಮಾನ್ಯ. ಎರಡು ಅಚ್ಚಿನ ಪುಸ್ತಕಗಳು ಎರಡು ಬಗೆಯಾಗಿ ಹೇಳಿದಾಗ ನಿರ್ಣಯಕ್ಕೆ ಹಳೆಯ ಕೈಬರಹವನ್ನೇ ಕೇಳಬೇಕು. ಆ ಕೈಬರಹವಾದರೂ ಯಾವ ಮನೆಯದು, ಆ ಮನೆ ಯಾವ ದಾಸರ ಶಿಷ್ಯಪರಂಪರೆಗೆ ಸೇರಿದ್ದು ಎಂಬುದು ತಿಳಿದಿದ್ದರೆ ಮಾತ್ರ ಅದರ ಸಾಕ್ಷ್ಯಕ್ಕೆ ತೂಕ. ಆದುದರಿಂದಲೇ ದಫ್ತರವನ್ನು ಕಾಯುವ ಶಾಸ್ತ್ರವನ್ನು ಬಲ್ಲವರು ಒಂದು ಮನೆಯ ಕಾಗದಗಳನ್ನು ಇನ್ನೊಂದು ಮನೆಯವುಗಳೊಡನೆ ಬೆರೆಸಬಾರದೆಂದೂ, ಮನೆಯವರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಆ ಕ್ರಮವನ್ನು ಕೆಡಿಸಬಾರದೆಂದೂ ಕಟ್ಟುನಿಟ್ಟಾಗಿ ವಿಧಿಸುತ್ತಾರೆ. ಹಾಡಿಗೆ ಹಾಡು, ಪತ್ರಕ್ಕೆ ಪತ್ರ, ಪಟಕ್ಕೆ ಪಟವೆಂದು ಬೇರ್ಪಡಿಸಿ ಅಂದವಾಗಿ ಜೋಡಿಸುವ ಉತ್ಸಾಹಿ, ತನ್ನ ಸದುದ್ದೇಶದಿಂದಲೇ, ಗೆದ್ದಲಿಗಿಂತ ಹೆಚ್ಚಿನ ಹಾನಿಯನ್ನು ಮಾಡಿರುತ್ತಾನೆ.

ಹಾಡಿನ ಮಾತು ಹಾಗಿರಲಿ. ಈ ಸೀಮೆಯಷ್ಟು ಒಡೆಯರನ್ನು ಕಂಡ ನೆಲ ಕನ್ನಡನಾಡಿನಲ್ಲಿ ವಿರಳ. 1853 ರಲ್ಲಿ ರಾಯಚೂರು ದೋಆಬು ನಿಜಾಮರ ಕೈಯಿಂದ ಇಂಗ್ಲಿಷರ ಆಡಳಿತಕ್ಕೆ ಹೋಯಿತು. 1860 ರಲ್ಲಿ ಹಿಂದಿರುಗಿತು. ಲಿಂಗಸೂಗೂರು ತಾನೇ ಒಂದು ಜಿಲ್ಲೆಯಾಗಿ ಬಾಳಿ 1905 ರಲ್ಲಿ ರಾಯಚೂರಿನೊಳಗೆ ಸೇರಿಹೋಯಿತು. 1948 ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956 ರ ನವೆಂಬರ್ 1 ರಂದು ಈ ನೆಲ ಮೈಸೂರು ರಾಜ್ಯಕ್ಕೆ ಬಂದಿತು. ಇದರ ಫಲವಾಗಿ ಒಂದೇ ಮನೆಯ ಟ್ರಂಕಿನಲ್ಲಿ ಫಾರಸಿಯ ಸನದು, ಮೋಡಿ ಲಿಪಿಯ ಲೆಕ್ಕ, ಉರ್ದುವಿನ ಪಹಣಿ, ಇಂಗ್ಲಿಷಿನ ಹುಕುಂ, ಕನ್ನಡದ ಖಾಸಗಿ ಪತ್ರ ಇವು ಒಂದರ ಮೇಲೊಂದು ಮಲಗಿರುವುದುಂಟು. ಅಜ್ಜನಿಗೆ ಸಲೀಸಾಗಿದ್ದ ಲಿಪಿ ಮೊಮ್ಮಗನಿಗೆ ಗೆರೆಯ ಗೋಜಲು; ಓದಲಾಗದ ಕಾಗದವು ಮನೆಯಲ್ಲಿ ಬೇಡದ ಕಾಗದವಾಗುವುದಕ್ಕೆ ಬಹುಕಾಲ ಬೇಕಾಗುವುದಿಲ್ಲ. ಆಸ್ತಿಯ ವ್ಯಾಜ್ಯವಿರುವ ತನಕ ಅದಕ್ಕೆ ಬೀಗ, ತೀರಿದ ಮೇಲೆ ಅದು ರದ್ದಿ. ಹೈದರಾಬಾದಿನ ವಿಮೋಚನೆಯ ಕಾಲದಲ್ಲಿ ಊರು ಬಿಟ್ಟು ಗಡಿಯಾಚೆಗೆ ಹೋದವರು ಮನೆಗೆ ಬರೆದ ಕಾಗದಗಳೂ ಇಂಥ ಟ್ರಂಕುಗಳಲ್ಲೇ ಇರತಕ್ಕವು. ಸರಕಾರದ ಕಡತಗಳಲ್ಲಿ ಅವು ದೊರೆಯುವಂತಿಲ್ಲ, ಏಕೆಂದರೆ ಅವನ್ನು ಬರೆದದ್ದು ಸರಕಾರಕ್ಕಲ್ಲ. ಸಿಂಧನೂರಿನ ಸುತ್ತಣ ಪುನರ್ವಸತಿ ಶಿಬಿರಗಳಿಗೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ತಮ್ಮೊಡನೆ ತಂದ ಗುರುತಿನ ಪತ್ರಗಳೂ, ಕಾಲುವೆಯ ನೀರನ್ನು ಅರಸಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವರ ಮೊದಲ ವರ್ಷಗಳ ಭಾವಚಿತ್ರಗಳೂ ಈ ನೆಲದ ಚರಿತ್ರೆಯೇ ಅಲ್ಲವೆ?

ಮಸ್ಕಿಯ ಬಂಡೆಯ ಶಾಸನ 1915 ರಲ್ಲಿ ಬೆಳಕಿಗೆ ಬಂದಾಗ ಅದನ್ನು ಮೊದಲು ಗುರುತಿಸಿದವರು ಪುರಾತತ್ತ್ವದ ಪಂಡಿತರಲ್ಲ, ಬೀಡನ್ ಎಂಬ ಗಣಿಯ ಎಂಜಿನಿಯರು. ಅಲ್ಲಿಯವರೆಗೆ ದೊರೆತಿದ್ದ ಅಶೋಕನ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದುವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ ಆ ಹೆಸರು ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಪ್ರಕಟಿಸಿದರು. ಆ ಪ್ರಿಯದರ್ಶಿ ಅಶೋಕನೇ ಎಂದು ವಿದ್ವಾಂಸರು ಊಹೆಯಿಂದಲೂ ಗ್ರಂಥಾಂತರಗಳ ಆಧಾರದಿಂದಲೂ ಹೇಳುತ್ತಿದ್ದ ಮಾತಿಗೆ ಒಂದು ಅಂಕಿತದಿಂದ ಪ್ರತ್ಯಕ್ಷ ಪ್ರಮಾಣ ದೊರೆತಂತಾಯಿತು. ಈ ಪ್ರಸಂಗವನ್ನು ನಮ್ಮ ಸೀಮೆಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದದ್ದೇ. ಒಂದು ಹೆಸರು ಒಂದು ಕಡೆ ಉಳಿದದ್ದರಿಂದ ಇಷ್ಟು ತಿಳಿಯಿತೆಂಬುದನ್ನು ಬಲ್ಲ ನಾವು, ನಮ್ಮ ಮನೆಗಳ ಭಾವಚಿತ್ರಗಳ ಹಿಂದೆ ಒಂದು ಹೆಸರನ್ನೂ ಬರೆದಿಡುವುದಿಲ್ಲವೆಂಬುದು ನನಗೆ ದುಃಖದ ಸಂಗತಿ.

ಕಾಗದಕ್ಕಿಂತಲೂ ಅಲ್ಪಾಯುವಾದ ವಸ್ತುಗಳು ಈಗ ನಮ್ಮ ಮನೆಗಳಲ್ಲಿವೆ. ಬಯಲಾಟದ ರಾತ್ರಿಗಳನ್ನೂ, ಭಜನಾ ಮಂಡಳಿಯ ತತ್ವಪದಗಳನ್ನೂ, ಮೊಹರಮ್ಮಿನ ಅಲಾಯಿ ಹಾಡುಗಳನ್ನೂ, ಅಜ್ಜಿಯ ಬೀಸುವ ಕಲ್ಲಿನ ಪದಗಳನ್ನೂ ಟೇಪ್ ರೆಕಾರ್ಡರಿನ ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟವರು ಹಳ್ಳಿಹಳ್ಳಿಯಲ್ಲಿ ಇದ್ದರು. ಕ್ಯಾಸೆಟ್ಟಿನೊಳಗಿನ ಫೀತೆಯ ಮೇಲೆ ಧ್ವನಿಯನ್ನು ಹಿಡಿದಿಟ್ಟಿರುವುದು ಕಾಂತಗುಣವುಳ್ಳ ತೆಳುವಾದ ಪುಡಿಯ ಲೇಪ. ನಮ್ಮ ಬೇಸಗೆಯ ಬೇಗೆಗೂ ಮಳೆಗಾಲದ ತೇವಕ್ಕೂ ಆ ಲೇಪ ಅಂಟಾಗಿ ಸುಲಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಫೀತೆ ಚೆನ್ನಾಗಿಯೇ ಉಳಿದರೂ ಅದನ್ನು ನುಡಿಸುವ ಯಂತ್ರ ಮಾಯವಾಗುತ್ತಿದೆ. ಯುನೆಸ್ಕೊ 2019 ರಲ್ಲಿಯೇ ಲೋಕಕ್ಕೆಲ್ಲ ಈ ಎಚ್ಚರಿಕೆಯನ್ನು ಸಾರಿ, 2025 ರ ಸುಮಾರಿಗೆ ಇಂಥ ಧ್ವನಿಮುದ್ರಣಗಳನ್ನು ವರ್ಗಾಯಿಸುವ ಅವಕಾಶ ಬಹುಮಟ್ಟಿಗೆ ಮುಚ್ಚಿಹೋಗಬಹುದೆಂದು ಹೇಳಿತ್ತು. ಆ ಗಡುವು ಈಗ ಬಂದುಬಿಟ್ಟಿದೆ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934 ರಲ್ಲಿ ತೆರೆಗೆ ಬಂದ ಸತಿ ಸುಲೋಚನದ ಪ್ರತಿ ಇಂದು ಲಭ್ಯವಿಲ್ಲವೆಂದು ನಾವು ಮರುಗುತ್ತೇವೆ. ಅದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರಲಿಲ್ಲ. ಅಜ್ಜಿಯ ಧ್ವನಿ ನಮ್ಮ ಕೈಯಲ್ಲಿದೆ.

ಹಿಂದಿನವರು ಏನನ್ನೂ ಕಾಯಲಿಲ್ಲವೆಂದು ಹೇಳುವುದು ಅನ್ಯಾಯ. ತಾಳೆಗರಿಯ ಕಟ್ಟನ್ನು ಎರಡು ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿ, ನವರಾತ್ರಿಯ ಸರಸ್ವತೀ ಪೂಜೆಗೆ ವರ್ಷಕ್ಕೊಮ್ಮೆ ತಪ್ಪದೆ ಹೊರತೆಗೆದು, ಧೂಳು ಕೊಡವಿ, ಗಾಳಿಯಾಡಿಸುತ್ತಿದ್ದರು. ಅದು ಪೂಜೆಯೂ ಹೌದು, ಪರೀಕ್ಷೆಯೂ ಹೌದು. ಪೂಜೆ ನಿಂತ ಮನೆಗಳಲ್ಲಿ ಪರೀಕ್ಷೆಯೂ ನಿಂತಿತು. ಓದುವವರಿಲ್ಲದ ದೈವಿಕ ವಸ್ತುವನ್ನು ತುಳಿಯುವಂತಿಲ್ಲ, ಮಾರುವಂತಿಲ್ಲ ಎಂದು ಭಕ್ತಿಯಿಂದಲೇ ಹೊಳೆಗೆ ಬಿಟ್ಟವರೂ ಇದ್ದಾರೆ. ಆ ಭಕ್ತಿಯನ್ನು ಗೌರವಿಸುತ್ತಲೇ, ಆ ಪ್ರವಾಹದಲ್ಲಿ ಯಾವ ದಾಸರ ಯಾವ ಸುಳಾದಿ ಹೋಯಿತೋ ಎಂದು ವ್ಯಥೆಪಡದಿರಲಾರೆ.

ಕಾನೂನು ಈ ವಿಷಯದಲ್ಲಿ ಅರ್ಧದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. 1993 ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಸರಕಾರದ ಕಾಗದಗಳಿಗೆ ಸಂಬಂಧಿಸಿದ್ದು. 1972 ರ ಪ್ರಾಚ್ಯವಸ್ತು ಅಧಿನಿಯಮವು ಐತಿಹಾಸಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ, ಎಪ್ಪತ್ತೈದು ವರ್ಷಕ್ಕೆ ಕಡಮೆಯಿಲ್ಲದ ಹಸ್ತಪ್ರತಿಯನ್ನು ಪ್ರಾಚ್ಯವಸ್ತುವೆಂದು ಎಣಿಸುತ್ತದಾದರೂ, ಟ್ರಂಕಿನೊಳಗಿನ ಗೆದ್ದಲನ್ನು ತಡೆಯುವ ಶಕ್ತಿ ಯಾವ ಅಧಿನಿಯಮಕ್ಕೂ ಇಲ್ಲ. ಖಾಸಗಿ ಕಾಗದಗಳ ಅಳಿವು ಉಳಿವು ಮನೆಯವರ ಮನಸ್ಸನ್ನು ಅವಲಂಬಿಸಿದೆ. ಬೆಂಗಳೂರಿನ ರಾಜ್ಯ ಪತ್ರಾಗಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರ, ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ ಇವು ನಾಡಿನ ಹೆಮ್ಮೆಯ ಸಂಸ್ಥೆಗಳು. ಗೊರೇಬಾಳದ ರೈತನೊಬ್ಬ ತನ್ನ ಮುತ್ತಜ್ಜನ ಕಾಗದಗಳ ರುಮಾಲನ್ನು ಬಗಲಲ್ಲಿಟ್ಟುಕೊಂಡು ಅಷ್ಟು ದೂರ ಹೋಗಿ ಬಾಗಿಲು ತಟ್ಟುವನೆಂದು ಎದುರುನೋಡುವುದು ಮಾತ್ರ ನ್ಯಾಯವಲ್ಲ. ಹನುಮಂತರಾಯರ ಮಂಡಲ ಲಿಂಗಸೂಗೂರಿನಲ್ಲಿತ್ತು. ಕೃತಿಗಳಿದ್ದ ಊರಿನಲ್ಲೇ ಕೆಲಸ ನಡೆಯಿತು. ಯರಗೇರಾದಲ್ಲಿ ಈಗ ರಾಯಚೂರು ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯವಿದೆ. ಅದರ ಆಶ್ರಯದಲ್ಲಿ ಲಿಂಗಸೂಗೂರಿನಲ್ಲೋ ಸಿಂಧನೂರಿನಲ್ಲೋ ತೇವವಿಲ್ಲದ ಎರಡು ಕೋಣೆ, ಆಮ್ಲವಿಲ್ಲದ ಕಾಗದದ ಪೆಟ್ಟಿಗೆಗಳು, ಒಂದು ಸ್ಕ್ಯಾನರು, ಕೆಟ್ಟುಹೋಗದ ಒಂದು ಕ್ಯಾಸೆಟ್ ಯಂತ್ರ, ಮೋಡಿ ಮತ್ತು ಉರ್ದು ಓದಬಲ್ಲ ಇಬ್ಬರು ತರುಣರು: ಇಷ್ಟು ದೊರೆತರೆ ಕೆಲಸ ತೊಡಗಬಹುದು. ಇದು ದೊಡ್ಡ ಬೇಡಿಕೆಯೆಂದು ನನಗೆ ತೋರುವುದಿಲ್ಲ.

ಕೊಟ್ಟರೆ ನಮ್ಮದು ನಮ್ಮ ಕೈಬಿಟ್ಟು ಹೋಗುವುದೆಂಬ ಮನೆಯವರ ಅಳುಕು ಸಹಜ. ಹಿಂದೆ ಎಷ್ಟೋ ಕಟ್ಟುಗಳು ಓದಿ ಕೊಡುತ್ತೇನೆಂದವರ ಕೈಸೇರಿ ಹಿಂದಿರುಗದೆ ಹೋದದ್ದರಿಂದ ಆ ಅಳುಕಿಗೆ ಆಧಾರವೂ ಇದೆ. ಆದಕಾರಣ ರಸೀತಿಯಿಲ್ಲದೆ ಒಂದು ಹಾಳೆಯನ್ನೂ ಮುಟ್ಟತಕ್ಕದ್ದಲ್ಲ. ಮೂಲವನ್ನು ಮನೆಯಲ್ಲೇ ಬಿಟ್ಟು ಛಾಯಾಪ್ರತಿಯನ್ನು ಮಾತ್ರ ಪಡೆಯುವುದು, ಮೂಲವನ್ನು ಠೇವಣಿಯಾಗಿ ಇರಿಸಿಕೊಂಡು ಒಡೆತನವನ್ನು ಮನೆಯವರಿಗೇ ಉಳಿಸುವುದು, ಇಂಥ ಪತ್ರಗಳನ್ನು ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದೆಂಬ ನಿಬಂಧನೆಯನ್ನು ಬರಹದಲ್ಲಿ ಒಪ್ಪಿಕೊಳ್ಳುವುದು ಇವೆಲ್ಲ ಪತ್ರಾಗಾರಗಳಲ್ಲಿ ನಡೆದುಬಂದ ಪದ್ಧತಿಗಳೇ. ದಾಯಾದಿಗಳ ಜಗಳದ ಕಾಗದವನ್ನೂ, ಮನೆಯ ಹೆಣ್ಣುಮಗಳ ಕಣ್ಣೀರಿನ ಪತ್ರವನ್ನೂ ಊರಿಗೆ ಹಂಚಬೇಕಾಗಿಲ್ಲ, ಸುಡಲೂ ಬೇಕಾಗಿಲ್ಲ.

ಅಂಥ ಕೋಣೆ ಬರುವವರೆಗೆ ಮನೆಯವರು ಮಾಡಬಹುದಾದ ಕೆಲಸ ಕೆಲವುಂಟು. ಹರಿದ ಹಾಳೆಗೆ ಅಂಟು ಟೇಪನ್ನು ಹಚ್ಚಬಾರದು. ಅದರ ಗೋಂದು ಕಾಲಕ್ರಮದಲ್ಲಿ ಕಂದಾಗಿ ಅಕ್ಷರವನ್ನೇ ತಿನ್ನುತ್ತದೆ. ಕಾಗದವನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಿಗಿದು ಬೆವರಿಸುವುದಕ್ಕಿಂತ ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತುವುದು ಲೇಸು. ಟ್ರಂಕನ್ನು ಮಣ್ಣಿನ ಗೋಡೆಗೆ ತಾಗಿಸದೆ, ನೆಲದಿಂದ ಎತ್ತರಿಸಿ, ಮಾಳಿಗೆ ಸೋರುವ ಮೂಲೆಯಿಂದ ದೂರವಿಡಬೇಕು. ಭಾವಚಿತ್ರದ ಹಿಂದೆ ಪೆನ್ನಿನಿಂದ ಬರೆದರೆ ಶಾಯಿ ಮುಂದಕ್ಕೆ ಒಸರುವುದರಿಂದ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ, ಎಡದಿಂದ ಬಲಕ್ಕೆ ನಿಂತವರ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆಯಬೇಕು. ಆ ಮುಖಗಳನ್ನು ಗುರುತು ಹಿಡಿಯಬಲ್ಲವರು ಈಗ ಎಂಬತ್ತರ ಆಚೀಚಿನವರು. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಸರಕಾರದ ಮಂಜೂರಾತಿಯೂ ಬೇಡ, ಪೆಟ್ಟಿಗೆಯೂ ಬೇಡ, ಈ ಭಾನುವಾರವೇ ತೊಡಗಬಹುದು.